‘ಬಾಲ್ಡ್’ ಎಂದರೆ ಬೋಳೋ, ಬಿಳಿಯೋ?

ಅರೆಬರೆ ಅನುವಾದ

ಎಲ್ಲರಿಗೂ ನಮಸ್ಕಾರ. ಒಂದು ಇಂಗ್ಲಿಷ್ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಒಬ್ಬ ಗುಮಾಸ್ತ ಬರುತ್ತಾನೆ. ಮೂಲದಲ್ಲಿ ಅವನಿಗೆ ‘ಬಾಲ್ಡಿಂಗ್’ ಎಂಬ ವಿಶೇಷಣವಿದೆ. ನಾನು ಯೋಚಿಸದೆ ‘ಬೋಳುತಲೆಯ ಗುಮಾಸ್ತ’ ಎಂದು ಬರೆದೆ. ಸಂಪಾದಕರು ಕೆಂಪು ಗೆರೆ ಎಳೆದು, ‘ಮೂರನೆಯ ಪುಟದಲ್ಲಿ ಇವನು ಬಾಚಣಿಗೆ ತೆಗೆದು ಬೈತಲೆ ತೆಗೆಯುತ್ತಾನೆ. ಬೋಳುತಲೆಯವನಿಗೆ ಬೈತಲೆ ಎಲ್ಲಿಂದ ಬಂತು?’ ಎಂದು ಅಂಚಿನಲ್ಲಿ ಬರೆದು ಕಳುಹಿಸಿದ್ದಾರೆ.

ನ್ಯಾಯವಾದ ಪ್ರಶ್ನೆ. ಸರಿ, ಪದದ ಬುಡವನ್ನೇ ನೋಡೋಣವೆಂದು ನಿಘಂಟು ತೆರೆದರೆ ಇನ್ನಷ್ಟು ಗೊಂದಲವಾಯಿತು. ‘ಬಾಲ್ಡ್’ ಪದದ ಮೂಲದಲ್ಲಿ ಕೂದಲು ಉದುರುವ ಮಾತೇ ಇಲ್ಲವಂತೆ. ‘ಬಿಳಿ ಮಚ್ಚೆ’ ಎಂಬ ಅರ್ಥವಿತ್ತಂತೆ. ಇದು ನಿಜವೇ? ‘ಬಾಲ್ಡಿಂಗ್’ ಎಂಬುದಕ್ಕೆ ಕನ್ನಡದಲ್ಲಿ ಏನು ಹೇಳುತ್ತೀರಿ?

ನುಣ್ಣನೆ ನೆತ್ತಿ

ಈ ವೇದಿಕೆಯಲ್ಲಿ ಆರು ವರ್ಷಗಳಿಂದ ಇದ್ದೇನೆ. ನನಗೆ ಅಧಿಕಾರವಾಣಿಯಿಂದ ಮಾತನಾಡಬಲ್ಲ ವಿಷಯ ಇವತ್ತು ಮೊದಲ ಸಲ ಬಂದಿದೆ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೇನೆ, ಬಲ್ಲವರು ಶುರುಮಾಡಿ.

ಹಳೆಯ ಮೇಷ್ಟರು

ನಿಮ್ಮ ನಿಘಂಟು ಸುಳ್ಳು ಹೇಳಿಲ್ಲ. ಇಂಗ್ಲಿಷಿನಲ್ಲಿ ಈ ಪದ 1300ರ ಆಸುಪಾಸಿನಲ್ಲಿ ‘ಬಲ್ಲೆಡ್’ ಎಂಬಂಥ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಅದನ್ನು ಎರಡು ತುಂಡು ಮಾಡಿ ನೋಡಿ. ಮೊದಲ ತುಂಡು ‘ಬಾಲ್’, ಎರಡನೆಯದು ‘ಎಡ್’ ಎಂಬ ಪ್ರತ್ಯಯ. ಈ ‘ಎಡ್’ ಭೂತಕಾಲದ ಪ್ರತ್ಯಯವಲ್ಲ. ಕೊಂಬುಳ್ಳ, ಗಡ್ಡವುಳ್ಳ ಎನ್ನುವಾಗ ನಾವು ಹಚ್ಚುವ ‘ಉಳ್ಳ’ ಇದೆಯಲ್ಲ, ಅದರ ಕೆಲಸವನ್ನು ಇದು ಮಾಡುತ್ತದೆ.

ಹಾಗಾದರೆ ‘ಬಾಲ್’ ಎಂದರೇನು? ಇಲ್ಲಿ ವಿದ್ವಾಂಸರು ಎರಡು ಪಂಗಡವಾಗುತ್ತಾರೆ. ಒಂದು ಪಂಗಡ, ಅದು ನಾವೆಲ್ಲ ಬಲ್ಲ ಚೆಂಡು, ಚೆಂಡಿನಂತೆ ಉರುಟಾಗಿ ನುಣುಪಾಗಿರುವ ತಲೆಯಿಂದ ಈ ಅರ್ಥ ಬಂತು ಎನ್ನುತ್ತದೆ. ಇನ್ನೊಂದು ಪಂಗಡ ಕೆಲ್ಟಿಕ್ ಭಾಷೆಗಳ ಕಡೆ ಕೈ ತೋರಿಸುತ್ತದೆ. ವೆಲ್ಷ್ ಭಾಷೆಯಲ್ಲಿ ಹಣೆಯ ಮೇಲೆ ಬಿಳಿ ಪಟ್ಟೆಯಿರುವ ಕುದುರೆಗೆ ಇವತ್ತಿಗೂ ‘ಬಾಲ್’ ಎಂಬ ವಿಶೇಷಣವನ್ನು ಹಚ್ಚುತ್ತಾರೆ. ಈ ಎರಡನೆಯ ವಾದಕ್ಕೆ ಹೆಚ್ಚು ಬಲವಿದೆ ಎಂಬುದು ನನ್ನ ಅಭಿಪ್ರಾಯ. ಕಾರಣ, ಇಂಗ್ಲಿಷಿನ ಒಳಗೇ ಹಳೆಯ ಅರ್ಥದ ಚೂರುಗಳು ಉಳಿದುಕೊಂಡಿವೆ. ‘ಪೈಬಾಲ್ಡ್’ ಎಂದರೆ ಕಪ್ಪು ಬಿಳುಪು ಮಚ್ಚೆಗಳ ಕುದುರೆ. ಆ ಕುದುರೆಯ ಮೈಮೇಲೆ ಕೂದಲಿಗೇನೂ ಬರವಿಲ್ಲ. ಅಲ್ಲಿ ‘ಪೈ’ ಎಂದರೆ ಮ್ಯಾಗ್‌ಪೈ ಎಂಬ ಕಪ್ಪು ಬಿಳುಪು ಹಕ್ಕಿ. ‘ಬಾಲ್ಡ್’ ಎಂದರೆ ಬಿಳಿ ಮಚ್ಚೆಯುಳ್ಳದ್ದು. ಉತ್ತರ ಅಮೆರಿಕದಲ್ಲಿ ‘ಬಾಲ್ಡ್ ಫೇಸ್ಡ್’ ಎಂದು ಕರೆಸಿಕೊಳ್ಳುವ ಕಣಜವೊಂದಿದೆ, ಅದರ ಮುಖ ಬಿಳಿ.

ಇದನ್ನು ಒಪ್ಪಿದರೆ ‘ಬಾಲ್ಡ್’ ಎಂಬವನು ವ್ಯಾಕರಣದ ಪ್ರಕಾರ ಏನನ್ನೋ ಕಳೆದುಕೊಂಡವನಲ್ಲ. ನೆತ್ತಿಯ ಮೇಲೆ ಹೊಳೆಯುವ ಬಿಳಿಯನ್ನು ಉಳ್ಳವನು.

ನುಣ್ಣನೆ ನೆತ್ತಿ

ಮೇಷ್ಟರೇ, ಈ ಒಂದು ವಾಕ್ಯವನ್ನು ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕುತ್ತೇನೆ. ಮೂವತ್ತನೆಯ ವಯಸ್ಸಿನಿಂದ ಇಲ್ಲದವನು ಎಂದುಕೊಂಡು ಬದುಕಿದ್ದೆ. ಉಳ್ಳವನು ಎಂದು ಇವತ್ತು ಗೊತ್ತಾಯಿತು.

ಕೆರೆಯ ದಂಡೆ

ನಾನು ಹಕ್ಕಿ ನೋಡುವವನು. ಭಾಷೆಯ ವಿಷಯದಲ್ಲಿ ಬಾಯಿ ಹಾಕುವುದಿಲ್ಲ. ಆದರೆ ಇಲ್ಲೊಂದು ಹಕ್ಕಿ ಹಾರಿಹೋಗುತ್ತಿರುವಾಗ ಸುಮ್ಮನಿರಲು ಆಗುತ್ತಿಲ್ಲ.

ಇಂಗ್ಲಿಷಿನವರು ತೀರಾ ಬೋಳಾದವನನ್ನು ‘ಕೂಟ್ ಹಕ್ಕಿಯಂತೆ ಬೋಳು’ ಎನ್ನುತ್ತಾರೆ. ಕೂಟ್ ಹಕ್ಕಿಯನ್ನು ನೀವೆಲ್ಲ ನೋಡಿದ್ದೀರಿ. ನಮ್ಮ ಕೆರೆಗಳಲ್ಲಿ ಬಾತುಕೋಳಿಗಳ ಜೊತೆ ತೇಲುವ ಮಸಿಗಪ್ಪು ಹಕ್ಕಿ. ಕೊಕ್ಕು ಬಿಳಿ. ಕೊಕ್ಕಿನಿಂದ ಮೇಲಕ್ಕೆ ಹಣೆಯವರೆಗೂ ಗರಿಯಿಲ್ಲದ ಒಂದು ಬಿಳಿ ಹಲಗೆ ಹಬ್ಬಿರುತ್ತದೆ. ಆ ಹಲಗೆ ಬಿಟ್ಟರೆ ತಲೆತುಂಬ ದಟ್ಟವಾದ ಕಪ್ಪು ಪುಕ್ಕ. ಯಾವ ಕೋನದಿಂದ ನೋಡಿದರೂ ಬೋಳು ಹಕ್ಕಿಯಲ್ಲ. ಈ ಹೋಲಿಕೆ ಏಕೆ ಬಂತು ಎಂದು ನನಗೆ ಬಹಳ ದಿನ ತಿಳಿದಿರಲಿಲ್ಲ. ಮೇಷ್ಟರ ಮಾತು ಓದಿದ ಮೇಲೆ ತಿಳಿಯಿತು: ಕೂಟ್ ‘ಬಾಲ್ಡ್’ ಆದದ್ದು ಬಿಳಿ ಮಚ್ಚೆಯ ಅರ್ಥದಲ್ಲಿ.

ಕನ್ನಡದಲ್ಲಿ ಈ ಹಕ್ಕಿಯ ಹೆಸರು ಗೊತ್ತೇ? ನಾಮದ ಕೋಳಿ. ಅದೇ ಹಣೆ, ಅದೇ ಬಿಳಿ. ಅವರಿಗೆ ಅದು ಮಚ್ಚೆಯಾಗಿ ಕಂಡಿತು, ನಮ್ಮವರಿಗೆ ನಾಮವಾಗಿ ಕಂಡಿತು.

ಪಡುವಣ ಗಾಳಿ

ಕೆರೆಯ ದಂಡೆಯವರೇ, ಕನ್ನಡದಲ್ಲಿ ‘ನನ್ನ ತಲೆ ಬೋಳಿಸಿದ’ ಎಂದರೂ ಮೋಸ ಮಾಡಿದ ಎಂದೇ ಅರ್ಥ, ‘ನನಗೆ ನಾಮ ಹಾಕಿದ’ ಎಂದರೂ ಮೋಸ ಮಾಡಿದ ಎಂದೇ ಅರ್ಥ. ಆ ಕೋಳಿಯ ಹತ್ತಿರ ಯಾರೂ ಸಾಲ ವ್ಯವಹಾರ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಇನ್ನು ವಿಷಯಕ್ಕೆ ಬರುತ್ತೇನೆ. ನನ್ನ ಮನೆಮಾತು ತುಳು. ತುಳುವಿನಲ್ಲಿ ಬಿಳಿಗೆ ‘ಬೊಲ್ದು’ ಎನ್ನುತ್ತೇವೆ. ಬಾಲ್ಡ್, ಬೊಲ್ದು. ಅರ್ಥವೂ ಬಿಳಿ, ಸದ್ದೂ ಅದೇ. ಕನ್ನಡದಲ್ಲಿ ‘ಬೋಳು’ ಇದೆ, ‘ಬಿಳಿ’ ಇದೆ, ‘ಬೆಳ್ಳಿ’ ಇದೆ. ಮೆಣಸು ಕೊಳ್ಳಲು ಎರಡು ಸಾವಿರ ವರ್ಷಗಳಿಂದ ನಮ್ಮ ಕರಾವಳಿಗೆ ಬರುತ್ತಿದ್ದವರು ಮೆಣಸಿನ ಜೊತೆ ಒಂದೆರಡು ಪದಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿರಬಾರದೇಕೆ?

ಹಳೆಯ ಮೇಷ್ಟರು

ನೀವು ಈ ಪ್ರಶ್ನೆ ಕೇಳುತ್ತೀರಿ ಎಂದು ನಿನ್ನೆ ರಾತ್ರಿಯೇ ನಿರೀಕ್ಷಿಸಿದ್ದೆ. ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುವ ಗಾದೆ ತಮಿಳಿನಲ್ಲೂ ಇದೆ, ತೆಲುಗಿನಲ್ಲೂ ಇದೆ. ನಿಮ್ಮ ಮಾತು ಅದಕ್ಕೆ ಅಕ್ಷರಶಃ ಉದಾಹರಣೆ. ಬೇಸರ ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

‘ಬಾಲ್’ ಪದವನ್ನು ಬಿಳಿ ಎಂದು ಒಪ್ಪುವವರು ಅದರ ಬೇರನ್ನು ‘ಭೆಲ್’ ಎಂಬ ಮೂಲ ಇಂಡೋ-ಯುರೋಪಿಯನ್ ಧಾತುವಿಗೆ ಒಯ್ಯುತ್ತಾರೆ. ಹೊಳೆ, ಮಿನುಗು ಎಂದು ಅದರ ಅರ್ಥ. ಲಿಥುವೇನಿಯನ್ ಭಾಷೆಯಲ್ಲಿ ಬಿಳಿಗೆ ‘ಬಾಲ್ತಸ್’ ಎನ್ನುವುದು ಅದೇ ಬೇರು. ಬೆಲಾರುಸ್ ದೇಶದ, ಬೆಲ್‌ಗ್ರೇಡ್ ನಗರದ ಹೆಸರಿನ ಮೊದಲ ತುಂಡೂ ಅದೇ. ಬೆಲ್‌ಗ್ರೇಡ್ ಎಂದರೆ ಬಿಳಿಯ ನಗರ. ಗ್ರೀಕಿನಲ್ಲಿ ‘ಫಾಲೋಸ್’ ಎಂದರೆ ಬಿಳಿ, ‘ಫಾಲಾಕ್ರೋಸ್’ ಎಂದರೆ ಬೋಳುತಲೆಯವನು. ಇಂಗ್ಲಿಷಿನಂತೆ ಗ್ರೀಕರೂ ಬೋಳುತಲೆಯಲ್ಲಿ ಮೊದಲು ಕಂಡದ್ದು ಹೊಳಪನ್ನು. ನಮಗೆ ಹತ್ತಿರದ ನೆಂಟನೆಂದರೆ ಸಂಸ್ಕೃತದ ‘ಭಾಲ’. ಕಾಂತಿ ಎಂದೂ ಹಣೆ ಎಂದೂ ಅದಕ್ಕೆ ಅರ್ಥವಿದೆ. ಭಾಲಚಂದ್ರ, ಫಾಲಾಕ್ಷ ಎಂಬ ಹೆಸರುಗಳಲ್ಲಿ ನಾವು ದಿನವೂ ಅದನ್ನು ಕರೆಯುತ್ತೇವೆ.

ಕನ್ನಡದ ‘ಬೆಳ್’ ಬೇರೆಯೇ ಮನೆಯದು. ಕನ್ನಡ ಬೆಳ್ಳಿ ಎನ್ನುವಲ್ಲಿ ತಮಿಳು ವೆಳ್ಳಿ ಎನ್ನುತ್ತದೆ. ಕನ್ನಡ ಬೇರು ಎನ್ನುವಲ್ಲಿ ತಮಿಳು ವೇರ್ ಎನ್ನುತ್ತದೆ. ಮೊದಲು ಇದ್ದದ್ದು ‘ವ’ಕಾರ. ಕನ್ನಡವೂ ತುಳುವೂ ಅದನ್ನು ‘ಬ’ ಮಾಡಿಕೊಂಡವು. ಹಿಂದಕ್ಕೆ ಹೋದಷ್ಟೂ ಎರಡು ಪದಗಳು ಹತ್ತಿರವಾಗಬೇಕಿತ್ತು. ಇಲ್ಲಿ ಹಿಂದಕ್ಕೆ ಹೋದಷ್ಟೂ ದೂರವಾಗುತ್ತವೆ.

ಬೆಳ್ಗೊಳ ಎಂದರೆ ಬಿಳಿಯ ಕೊಳ, ಬೆಲ್‌ಗ್ರೇಡ್ ಎಂದರೆ ಬಿಳಿಯ ನಗರ. ಇದಕ್ಕಿಂತ ಚಂದದ ಬಲೆ ಇನ್ನೊಂದಿಲ್ಲ. ನಾನೂ ಕಾಲೇಜಿನಲ್ಲಿದ್ದಾಗ ಇದಕ್ಕೆ ಬಿದ್ದು, ಎಂಟು ಪುಟದ ಲೇಖನ ಬರೆದು, ನನ್ನ ಗುರುಗಳಿಂದ ಚೆನ್ನಾಗಿ ಬೋಳಿಸಿಕೊಂಡಿದ್ದೇನೆ.

ಪಡುವಣ ಗಾಳಿ

ಒಪ್ಪಿದೆ. ಎಂಟು ಪುಟ ಉಳಿಯಿತು.

ಕೆರೆಯ ದಂಡೆ

ಫಾಲಾಕ್ರೋಸ್ ಎಂದಿರಲ್ಲ, ನೀರುಕಾಗೆಯ ವೈಜ್ಞಾನಿಕ ಕುಲನಾಮ ‘ಫಾಲಾಕ್ರೊಕೊರಾಕ್ಸ್’. ಬಿಡಿಸಿದರೆ ಬೋಳುಕಾಗೆ. ಇಂಗ್ಲಿಷಿನ ‘ಕಾರ್ಮೊರಂಟ್’ ಲ್ಯಾಟಿನ್ನಿನ ‘ಕಡಲಕಾಗೆ’ಯಿಂದ ಬಂದದ್ದು. ಕನ್ನಡದಲ್ಲಿ ನೀರುಕಾಗೆ. ಮೂವರೂ ಕಾಗೆ ಎನ್ನುವುದನ್ನು ಬಿಟ್ಟಿಲ್ಲ. ತಲೆಯ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ.

ತಿಪ್ಪಸಂದ್ರದ ಓದುಗ

ಆಯುರ್ವೇದದಲ್ಲಿ ಕೂದಲು ಉದುರುವುದಕ್ಕೆ ‘ಖಾಲಿತ್ಯ’ ಎನ್ನುತ್ತಾರೆ. ತಲೆ ಖಾಲಿಯಾಗುವುದರಿಂದ ಖಾಲಿತ್ಯ, ಅಲ್ಲವೇ? ಇಷ್ಟು ಸರಳವಾಗಿರುವಾಗ ಇಂಗ್ಲಿಷಿನವರು ಕುದುರೆಯ ಹಣೆಯವರೆಗೆ ಏಕೆ ಹೋಗಬೇಕಾಯಿತೋ.

ಕಷಾಯ

ಬಹಳ ಜನ ಹೀಗೇ ಅಂದುಕೊಂಡಿದ್ದಾರೆ, ನನ್ನ ಸಹಪಾಠಿಗಳೂ ಸೇರಿ. ಆದರೆ ನಾವು ಬಳಸುವ ‘ಖಾಲಿ’ ಅರಬ್ಬಿಯಿಂದ ಬಂದದ್ದು. ‘ಖಾಲಿತ್ಯ’ ಸಂಸ್ಕೃತದ ‘ಖಲತಿ’ ಎಂಬ ಪದದಿಂದ ಆದದ್ದು. ಖಲತಿ ಎಂದರೆ ಬೋಳುತಲೆಯವನು. ‘ಖಲ್ವಾಟ’ ಎಂದರೂ ಅವನೇ. ಬಿಸಿಲಿಗೆ ನೆತ್ತಿ ಕಾದು ಮರದ ನೆರಳಿಗೆ ಓಡಿ, ಅಲ್ಲಿ ಬಿದ್ದ ದೊಡ್ಡ ಹಣ್ಣಿನಿಂದ ತಲೆ ಒಡೆಸಿಕೊಳ್ಳುವ ಭರ್ತೃಹರಿಯ ನತದೃಷ್ಟ ಈ ಖಲ್ವಾಟನೇ.

ಸುಶ್ರುತಸಂಹಿತೆ ಈ ರೋಗಕ್ಕೆ ಇಂದ್ರಲುಪ್ತ, ಖಾಲಿತ್ಯ, ರುಜ್ಯಾ ಎಂದು ಮೂರು ಹೆಸರು ಕೊಡುತ್ತದೆ. ಪಿತ್ತವೂ ವಾತವೂ ಸೇರಿ ಕೂದಲನ್ನು ಉದುರಿಸುತ್ತವೆ, ಆಮೇಲೆ ಕಫವೂ ರಕ್ತವೂ ಸೇರಿ ರೋಮಕೂಪವನ್ನು ಮುಚ್ಚಿಬಿಡುತ್ತವೆ, ಹಾಗಾಗಿ ಹೊಸದು ಹುಟ್ಟುವುದಿಲ್ಲ ಎಂಬುದು ಅಲ್ಲಿನ ವಿವರಣೆ. ಉದುರುವುದು ಬೇರೆ, ಮತ್ತೆ ಹುಟ್ಟದಿರುವುದು ಬೇರೆ ಎಂದು ಬಿಡಿಸಿ ನೋಡಿದ್ದು ನನಗೆ ಇಷ್ಟ. ದಿನಕ್ಕೆ ಐವತ್ತರಿಂದ ನೂರು ಕೂದಲು ಎಲ್ಲರಿಗೂ ಉದುರುತ್ತವೆ. ಅದು ಬೋಳಾಗುವುದಲ್ಲ.

ಮಂಜಿನ ಊರು

ಇಂಗ್ಲೆಂಡಿನಲ್ಲಿ ಹದಿನೈದು ವರ್ಷದಿಂದ ಇದ್ದೇನೆ. ಒಂದು ಪ್ರಶ್ನೆ ಇಲ್ಲಿ ಯಾರೂ ಎತ್ತಲಿಲ್ಲ. ‘ಬಾಲ್ಡ್’ ಬಂದದ್ದು 1300ರ ಸುಮಾರಿಗೆ ಎಂದಾದರೆ, ಅದಕ್ಕೆ ಮುಂಚೆ ಇಂಗ್ಲಿಷಿನವರು ಬೋಳುತಲೆಗೆ ಏನನ್ನುತ್ತಿದ್ದರು? ಅವರ ಹಳೆಯ ಪದ ‘ಕಾಲು’. ನಮ್ಮ ಕಾಲಲ್ಲ! ಜರ್ಮನ್ನಿನ ‘ಕಾಲ್’, ಡಚ್ಚಿನ ‘ಕಾಲ್’ ಅದರ ಒಡಹುಟ್ಟುಗಳು, ಅಲ್ಲಿ ಇಂದಿಗೂ ಬೋಳು ಎಂದೇ ಅರ್ಥ. ಇಂಗ್ಲಿಷಿನಲ್ಲಿ ಮಾತ್ರ ‘ಬಾಲ್ಡ್’ ಬಂದು ಇದನ್ನು ಮನೆಯಿಂದ ಹೊರಗೆ ಹಾಕಿತು.

ಹೊರಬಿದ್ದ ಪದ ಸಾಯಲಿಲ್ಲ, ಹಕ್ಕಿಯ ಗೂಡಿಗೆ ಹೋಗಿ ಸೇರಿತು. ಇನ್ನೂ ಗರಿ ಹುಟ್ಟದ ಮರಿಗೆ ‘ಕ್ಯಾಲೋ’ ಎನ್ನತೊಡಗಿದರು. ಅಲ್ಲಿಂದ 16ನೆಯ ಶತಮಾನದ ಕೊನೆಯ ಹೊತ್ತಿಗೆ ಲೋಕ ಕಾಣದ ಎಳಸು ಹುಡುಗನಿಗೂ ಅದೇ ಮಾತಾಯಿತು. ಅಂದರೆ ಒಂದು ಕಾಲಕ್ಕೆ ಮುದುಕನ ನೆತ್ತಿಯನ್ನು ವರ್ಣಿಸುತ್ತಿದ್ದ ವಿಶೇಷಣ ಈಗ ಮೀಸೆ ಚಿಗುರದ ಹುಡುಗನ ಪಾಲಾಗಿದೆ. ಪದಗಳು ಹಿಂದಕ್ಕೂ ವಯಸ್ಸಾಗಬಲ್ಲವು.

ಬೋಳು ಎಂಬರ್ಥದ ಲ್ಯಾಟಿನ್ನಿನ ‘ಕಾಲ್ವುಸ್’ ಸಂತತಿ ಇನ್ನೂ ದೊಡ್ಡದು. ಯೇಸುವನ್ನು ಶಿಲುಬೆಗೇರಿಸಿದ ‘ಕ್ಯಾಲ್ವರಿ’ ತಲೆಬುರುಡೆಯ ಅರ್ಥದಲ್ಲಿ ಅದೇ ವಂಶ. ಫ್ರೆಂಚಿನಲ್ಲಿ ‘ಶೋವ್’ ಎಂದರೆ ಬೋಳು. ಅದರಿಂದ ‘ಶೋವಾಂ’ ಎಂಬ ಮನೆತನದ ಹೆಸರು. ನೆಪೋಲಿಯನ್ನನ ಅಂಧಭಕ್ತನೆಂದು ಕಥೆಯಾದ ಆ ಹೆಸರಿನ ಸೈನಿಕನಿಂದ ‘ಶೋವಿನಿಸಂ’. ಪುರುಷ ಶೋವಿನಿಸಂ ಎಂದು ಬೈಯುವಾಗಲೆಲ್ಲ ಒಂದು ಬೋಳುತಲೆ ಒಳಗಿರುತ್ತದೆ.

ಜೂಲಿಯಸ್ ಸೀಸರನನ್ನು ಬಿಟ್ಟರೆ ಈ ಮಾತು ಪೂರ್ತಿಯಾಗುವುದಿಲ್ಲ. ಸೀಸರ್ ಎಂಬ ಹೆಸರು ದಟ್ಟ ಕೂದಲು ಎಂಬರ್ಥದ ಪದದಿಂದ ಬಂತೆಂದು ರೋಮಿನ ಕಾಲದವರೇ ಕೆಲವರು ವಿವರಿಸಿದ್ದರು. ಹೆಸರಿನಲ್ಲಿ ಕೂದಲು, ನೆತ್ತಿಯಲ್ಲಿ ಇಲ್ಲ. ಇರುವಷ್ಟನ್ನು ಮುಂದಕ್ಕೆ ಬಾಚಿಕೊಳ್ಳುತ್ತಿದ್ದನಂತೆ. ಸೆನೆಟ್ ಕೊಟ್ಟ ಗೌರವಗಳಲ್ಲಿ ಯಾವಾಗಲೂ ಎಲೆಯ ಕಿರೀಟ ತೊಡುವ ಹಕ್ಕಿಗೇ ಅವನು ಹೆಚ್ಚು ಹಿಗ್ಗಿದ ಎಂದು ರೋಮಿನ ಚರಿತ್ರಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಅವನ ಸ್ವಂತ ಸೈನಿಕರೇ ವಿಜಯದ ಮೆರವಣಿಗೆಯಲ್ಲಿ ‘ಬೋಳ ಬಂದ, ಹೆಂಡಂದಿರನ್ನು ಒಳಗೆ ಕೂಡಿಕೊಳ್ಳಿ’ ಎಂಬ ಧಾಟಿಯಲ್ಲಿ ಹಾಡಿದರು.

ತಿಪ್ಪಸಂದ್ರದ ಓದುಗ

ಹಾಗಾದರೆ ಬಾಲ್ಡ್‌ವಿನ್, ಆರ್ಚಿಬಾಲ್ಡ್ ಮುಂತಾದವರ ಅಜ್ಜಂದಿರೂ ಬೋಳರೇ?

ಮಂಜಿನ ಊರು

ಅಲ್ಲ. ಆ ಹೆಸರುಗಳಲ್ಲಿರುವುದು ಧೈರ್ಯಶಾಲಿ ಎಂಬರ್ಥದ ‘ಬೋಲ್ಡ್’ ಪದದ ಹಳೆಯ ರೂಪ. ಬಾಲ್ಡ್‌ವಿನ್ ಎಂದರೆ ಧೀರ ಗೆಳೆಯ. ಅವರ ಕೂದಲಿನ ಬಗ್ಗೆ ಹೆಸರು ಏನೂ ಹೇಳುವುದಿಲ್ಲ.

ಎರಡು ಮಕ್ಕಳ ತಾಯಿ

ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ. ಈ ಚರ್ಚೆಯನ್ನು ಓದಿ ಮಗಳಿಗೆ ಕ್ಷಮೆ ಕೇಳಬೇಕಾಯಿತು. ಕಳೆದ ವರ್ಷ ಅವಳು ಶಾಲೆಯಿಂದ ಬಂದು, ಬಾಲ್ಡ್ ಈಗಲ್ ಹಕ್ಕಿಗೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಕೇಳಿದಳು. ‘ಬೋಳು ಹದ್ದು’ ಎಂದೆ. ಅವಳು ಚಿತ್ರ ತೋರಿಸಿ, ‘ಅಮ್ಮಾ, ಇದರ ತಲೆತುಂಬ ಗರಿ ಇದೆಯಲ್ಲ’ ಎಂದಳು. ಹೆಸರಿಟ್ಟವರಿಗೆ ಬುದ್ಧಿಯಿಲ್ಲ ಎಂದು ಹೇಳಿ ಜಾರಿಕೊಂಡಿದ್ದೆ. ಬುದ್ಧಿಯಿಲ್ಲದವಳು ನಾನೇ. ಜೀವಿಗಳಿಗೆ ವೈಜ್ಞಾನಿಕ ಹೆಸರಿಟ್ಟ ಲಿನ್ನೇಯಸ್ ಕೊಟ್ಟ ಹೆಸರಿನಲ್ಲೂ ‘ಬಿಳಿತಲೆಯದು’ ಎಂದೇ ಇದೆ. ಮರಿಯಾಗಿದ್ದಾಗ ಕಂದು ತಲೆ. ನಾಲ್ಕೈದು ವರ್ಷಕ್ಕೆ ಅದು ಬೆಳ್ಳಗಾಗುತ್ತದೆ.

1782ರಿಂದ ಈ ದೇಶದ ಮುದ್ರೆಯ ಮೇಲೆ ಕೂತಿರುವ ಹಕ್ಕಿಯನ್ನು ಅಧಿಕೃತವಾಗಿ ರಾಷ್ಟ್ರಪಕ್ಷಿ ಎಂದು ಘೋಷಿಸಿದ್ದು 2024ರ ಡಿಸೆಂಬರಿನಲ್ಲಿ. ಆಗ ಕನ್ನಡದ ಸುದ್ದಿಗಳಲ್ಲೂ ‘ಬೋಳು ಹದ್ದು’ ಎಂದೇ ಓದಿದ ನೆನಪು. ಬಿಳಿತಲೆ ಹದ್ದು ಎಂದರೆ ಆಗದೇ?

ಇನ್ನೊಂದು. ಇಲ್ಲಿನ ಅಪಲಾಚಿಯನ್ ಬೆಟ್ಟಗಳಲ್ಲಿ ಮರವಿಲ್ಲದೆ ಬರೀ ಹುಲ್ಲು ಬೆಳೆದ ನೆತ್ತಿಗಳಿಗೆ ‘ಬಾಲ್ಡ್’ ಎಂದೇ ಹೆಸರು. ಗ್ರೆಗೊರಿ ಬಾಲ್ಡ್, ಆಂಡ್ರೂಸ್ ಬಾಲ್ಡ್ ಹೀಗೆ. ನಾವು ಬೋಳುಗುಡ್ಡ ಎನ್ನುವಂತೆಯೇ. ಇಲ್ಲಿ ಮಾತ್ರ ಎರಡು ಭಾಷೆಗಳು ಕೈ ಕುಲುಕುತ್ತವೆ.

ಕೆರೆಯ ದಂಡೆ

ಬಿಳಿತಲೆ ಹದ್ದು ಎನ್ನಬಹುದು. ಆದರೆ ನಮ್ಮ ಆಕಾಶದಲ್ಲಿ ಬಿಳಿ ತಲೆ, ಕೆಂಗಂದು ಮೈಯ ಹಕ್ಕಿ ಒಂದು ಈಗಾಗಲೇ ಇದೆ, ಗರುಡ. ಅದನ್ನು ನೋಡಿ ಬೋಳು ಎಂದವರು ನಮ್ಮಲ್ಲಿ ಯಾರೂ ಇಲ್ಲ, ಕೈ ಮುಗಿದವರೇ ಹೆಚ್ಚು. ಮಗಳಿಗೆ ‘ಅಮೆರಿಕದ ಗರುಡ’ ಎಂದು ಹೇಳಿಕೊಡಿ. ಪಕ್ಷಿಶಾಸ್ತ್ರಜ್ಞರು ಬೈದರೆ ನನ್ನ ಹೆಸರು ಹೇಳಿ.

ಸೆರಗು

ಇಷ್ಟು ಹೊತ್ತು ಓದುತ್ತಾ ಮಾತ್ರ ಇದ್ದೆ. ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ.

ನನಗೆ ಮೂವತ್ತೆಂಟು. ಎರಡು ವರ್ಷದ ಹಿಂದೆ ಕಿವಿಯ ಹಿಂದೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲು ಹೋಯಿತು. ನಮ್ಮ ಊರಿನಲ್ಲಿ ಅದಕ್ಕೆ ‘ಹುಳ ತಿಂದಿದೆ’ ಎನ್ನುತ್ತಾರೆ. ಬೆಳ್ಳುಳ್ಳಿ ತಿಕ್ಕಿದೆವು. ತಿಂಗಳೊಪ್ಪತ್ತಿನಲ್ಲಿ ನಾಣ್ಯಗಳು ಹೆಚ್ಚಿದವು. ಚರ್ಮರೋಗ ವೈದ್ಯರು ‘ಅಲೊಪೇಶಿಯಾ’ ಎಂದರು. ಹುಳವೂ ಇಲ್ಲ, ಕೊಳೆಯೂ ಇಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಕೂದಲಿನ ಬುಡದ ಮೇಲೆ ಬೀಳುತ್ತಿದೆ, ಬುಡ ಸತ್ತಿಲ್ಲವಾದ್ದರಿಂದ ಮತ್ತೆ ಬಂದರೂ ಬರಬಹುದು ಎಂದು ವಿವರಿಸಿದರು. ಆ ಹೆಸರಿನ ಅರ್ಥವನ್ನು ಮನೆಗೆ ಬಂದು ಹುಡುಕಿದೆ. ಗ್ರೀಕಿನಲ್ಲಿ ನರಿಗೆ ‘ಅಲೋಪೆಕ್ಸ್’. ಕಜ್ಜಿ ಹಿಡಿದು ಕೂದಲು ಉದುರಿದ ನರಿಯ ರೋಗದ ಹೆಸರು ಅದು. ನಮ್ಮವರು ಹುಳ ಎಂದರು, ಅವರು ನರಿ ಎಂದರು. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಲಿ ಎಂದು ಅವತ್ತು ರಾತ್ರಿ ನಗುವೂ ಬಂತು, ಅಳುವೂ ಬಂತು.

ಆದರೂ ನರಿಯೇ ವಾಸಿ ಎನಿಸಿತು, ಏಕೆಂದರೆ ಆ ಪದ ಕೇಳಿದವರಿಗೆ ಅರ್ಥವಾಗುವುದಿಲ್ಲ. ‘ಬೋಳು’ ಎಲ್ಲರಿಗೂ ಅರ್ಥವಾಗುತ್ತದೆ. ನುಣ್ಣನೆ ನೆತ್ತಿಯವರೇ, ನಿಮ್ಮ ತಮಾಷೆ ನನಗೆ ಇಷ್ಟವೇ. ಆದರೆ ಗಂಡಸಿನ ತಲೆಗೆ ಅಂಟಿದಾಗ ತಮಾಷೆಯಾಗುವ ಪದ ಹೆಂಗಸಿನ ತಲೆಗೆ ಅಂಟಿದಾಗ ಏನಾಗುತ್ತದೆ ಎಂಬುದು ನಿಮಗೂ ಗೊತ್ತು. ನನ್ನ ಅತ್ತೆ ಬಾಯಿ ತಪ್ಪಿ ಒಂದು ದಿನ ಆ ಪದ ಅಂದು, ತಕ್ಷಣ ತಾವೇ ಕೆನ್ನೆ ಬಡಿದುಕೊಂಡರು. ಪಕ್ಕದಲ್ಲಿ ನನ್ನ ಗಂಡ ಕೂತು ಊಟ ಮಾಡುತ್ತಿದ್ದರು.

ಹಳೆಯ ಮೇಷ್ಟರು

ತಾಯಿ, ನೀವು ಬರೆದದ್ದು ಒಳ್ಳೆಯದಾಯಿತು. ಇಂಗ್ಲಿಷಿನ ಪದದ ಬೇರು ಕೆದಕುವಾಗ ನಮ್ಮ ಪದದ ಮೇಲೆ ಏನೇನು ಬೆಳೆದಿದೆ ಎಂಬುದನ್ನು ನಾವು ನೋಡಿರಲಿಲ್ಲ.

‘ಬೋಳಿ’ ಎಂಬುದು ತಲೆ ಬೋಳಿಸಿದ ವಿಧವೆಗೆ ಅಂಟಿದ ಹೆಸರು. ಅದರಿಂದ ಹುಟ್ಟಿದ ಬೈಗುಳವನ್ನು ಇಂದು ಬಳಸುವ ಹುಡುಗರಿಗೆ ಅದರೊಳಗೆ ಒಬ್ಬ ಹೆಣ್ಣುಮಗಳು ಕ್ಷೌರಿಕನ ಮುಂದೆ ಕೂತಿರುವುದು ಕಾಣುವುದಿಲ್ಲ. ತಲೆ ಬೋಳಿಸದೆ ಉಳಿದ ವಿಧವೆಗೆ ‘ಸಕೇಶಿ’ ಎಂದು ಬೇರೆಯೇ ಪದವಿತ್ತು. ಕೂದಲಿರುವುದನ್ನು ಹೇಳಲು ಒಂದು ವಿಶೇಷಣ ಬೇಕಾಗಿತ್ತು ಎಂದರೆ ಇಲ್ಲದಿರುವುದೇ ರೂಢಿಯಾಗಿತ್ತು ಎಂದರ್ಥ. ನಮ್ಮ ಅಜ್ಜಿಯ ಅಕ್ಕನನ್ನು ನಾನು ನೋಡಿದ್ದೇನೆ. ಕೆಂಪು ಸೀರೆಯ ಸೆರಗು ಹಣೆಯಿಂದ ಒಂದು ಬೆರಳು ಸರಿದದ್ದನ್ನೂ ಕಂಡಿಲ್ಲ.

‘ಬೋಳು’ ಎನ್ನುವಾಗ ಕನ್ನಡ ಹೊಳಪನ್ನು ಕಾಣುವುದಿಲ್ಲ. ಇರಬೇಕಾದದ್ದು ಇಲ್ಲದಿರುವುದನ್ನು ಕಾಣುತ್ತದೆ. ಎಲೆಯಿಲ್ಲದ ಮರ ಬೋಳು, ಬಳೆಯಿಲ್ಲದ ಕೈ ಬೋಳು, ಕುಂಕುಮವಿಲ್ಲದ ಹಣೆ ಬೋಳು, ಕೊಂಬಿಲ್ಲದ ಎಮ್ಮೆ ಬೋಳೆಮ್ಮೆ. ಅದಕ್ಕೇ ಅದು ನೋಯಿಸುತ್ತದೆ.

ನುಣ್ಣನೆ ನೆತ್ತಿ

ಸೆರಗು ಅವರೇ, ಕ್ಷಮಿಸಿ. ನನ್ನ ತಮಾಷೆ ನನ್ನ ನೆತ್ತಿಯ ಎಲ್ಲೆ ದಾಟಬಾರದಿತ್ತು.

ಸೆರಗು

ದಾಟಿಲ್ಲ. ಮುಂದುವರಿಸಿ. ಅನುವಾದದವರ ಗುಮಾಸ್ತ ಅಲ್ಲೇ ಬಾಚಣಿಗೆ ಹಿಡಿದುಕೊಂಡು ನಿಂತಿದ್ದಾನೆ.

ಅರೆಬರೆ ಅನುವಾದ

ಹೌದು, ಪಾಪ. ಇಷ್ಟೆಲ್ಲ ತಿಳಿದ ಮೇಲೆ ನನ್ನ ಸಮಸ್ಯೆ ‘ಬಾಲ್ಡ್’ ಅಲ್ಲ, ಅದರ ಬಾಲದಲ್ಲಿರುವ ‘ಇಂಗ್’ ಎಂದು ಅರಿವಾಗಿದೆ. ಈ ‘ಬಾಲ್ಡಿಂಗ್’ ಅಷ್ಟೇನೂ ಹಳೆಯದಲ್ಲ, 1930ರ ದಶಕದ ಕೊನೆಗೆ ಮುದ್ರಣದಲ್ಲಿ ಕಾಣಿಸಿಕೊಂಡದ್ದು. ‘ಬಾಲ್ಡ್’ ಎಂಬುದು ಬಳಕೆಯಲ್ಲಿ ಕ್ರಿಯಾಪದವೇ ಅಲ್ಲದಿರುವಾಗ ಅದಕ್ಕೆ ‘ಇಂಗ್’ ಹೇಗೆ ಹಚ್ಚುತ್ತೀರಿ ಎಂದು ಕೆಲವು ಇಂಗ್ಲಿಷ್ ಶೈಲಿ ಪಂಡಿತರು ತಕರಾರು ತೆಗೆದಿದ್ದರಂತೆ. ಜನ ಕೇಳಲಿಲ್ಲ. ಬೋಳೂ ಅಲ್ಲದ, ಕೂದಲಿದೆ ಎನ್ನಲೂ ಆಗದ ಆ ನಡುವಿನ ಹತ್ತು ಹದಿನೈದು ವರ್ಷಗಳಿಗೆ ಒಂದು ಪದ ಬೇಕಾಗಿತ್ತು, ಸಿಕ್ಕಿತು, ಇಟ್ಟುಕೊಂಡರು.

ಕನ್ನಡದಲ್ಲಿ ‘ಬೋಳಾಗುತ್ತಿರುವ ಗುಮಾಸ್ತ’ ಎಂದರೆ ಅವನು ಕಚೇರಿಯಲ್ಲಿ ನಮ್ಮ ಕಣ್ಣೆದುರೇ ಬೋಳಾಗುತ್ತಿದ್ದಾನೆ ಎನಿಸುತ್ತದೆ. ‘ಅರೆಬೋಳು’ ಎಂದರೆ ಅರ್ಧಕ್ಕೆ ಬಿಟ್ಟು ಕ್ಷೌರಿಕ ಊಟಕ್ಕೆ ಹೋದಂತಿದೆ.

ತಿಪ್ಪಸಂದ್ರದ ಓದುಗ

ಎಷ್ಟು ಕೂದಲು ಹೋದರೆ ಬೋಳು ಎನ್ನಬೇಕು ಎಂದು ಮೊದಲು ತೀರ್ಮಾನವಾಗಲಿ.

ಹಳೆಯ ಮೇಷ್ಟರು

ಆ ತೀರ್ಮಾನ ಎರಡು ಸಾವಿರದ ಮುನ್ನೂರು ವರ್ಷಗಳಿಂದ ಬಾಕಿ ಇದೆ. ಕ್ರಿಸ್ತಪೂರ್ವ 4ನೆಯ ಶತಮಾನದ ಮಿಲೇಟಸ್ಸಿನ ಯೂಬುಲಿಡೀಸ್ ಎಂಬ ತಾರ್ಕಿಕನ ಹೆಸರಿನಲ್ಲಿ ‘ಫಾಲಾಕ್ರೋಸ್’ ಎಂಬ ಒಗಟೇ ಇದೆ. ತಲೆತುಂಬ ಕೂದಲಿರುವವನಿಂದ ಒಂದು ಕಿತ್ತರೆ ಅವನು ಬೋಳನಾಗುವುದಿಲ್ಲ. ಇನ್ನೊಂದು ಕಿತ್ತರೂ ಇಲ್ಲ. ಒಂದು ಕೂದಲಿನಿಂದ ಯಾರೂ ಬೋಳರಾಗುವುದಿಲ್ಲ ಎಂದು ಒಪ್ಪಿದರೆ ಲಕ್ಷ ಕೂದಲು ಕಿತ್ತರೂ ಬೋಳನಾಗಬಾರದು. ಆದರೆ ಕಣ್ಣೆದುರು ಬೋಳ ಕೂತಿದ್ದಾನೆ. ಗೆರೆ ಎಲ್ಲಿ? ತತ್ತ್ವಶಾಸ್ತ್ರದ ವಿಭಾಗಗಳಲ್ಲಿ ಇಂದಿಗೂ ಇದರ ಮೇಲೆ ಪ್ರಬಂಧ ಬರೆಯುತ್ತಾರೆ. ಮನುಷ್ಯನ ತಲೆಯಲ್ಲಿ ಕೂದಲು ಸುಮಾರು ಒಂದು ಲಕ್ಷ. ಯೂಬುಲಿಡೀಸನಿಗೆ ಸಾಕಷ್ಟು ಕೆಲಸ.

ನುಣ್ಣನೆ ನೆತ್ತಿ

ಗೆರೆ ಎಲ್ಲಿ ಎಂದು ನನ್ನ ಕ್ಷೌರಿಕನಿಗೆ ಚೆನ್ನಾಗಿ ಗೊತ್ತು. ಹಂತಗಳನ್ನು ಹೇಳುತ್ತೇನೆ, ಅನುವಾದದವರು ಬೇಕಾದದ್ದನ್ನು ಎತ್ತಿಕೊಳ್ಳಲಿ. ಮೊದಲ ಹಂತದಲ್ಲಿ ಅವನು ‘ಸರ್, ಹಣೆ ಸ್ವಲ್ಪ ಅಗಲವಾಗಿದೆ’ ಎಂದ. ಅದು ಹೊಗಳಿಕೆ ಎಂದುಕೊಂಡು ಹತ್ತು ರೂಪಾಯಿ ಹೆಚ್ಚು ಕೊಟ್ಟೆ. ಎರಡನೆಯ ಹಂತದಲ್ಲಿ ‘ನೆತ್ತಿ ಕಾಣುತ್ತಿದೆ’ ಎಂದು ಹಿಂದಿನಿಂದ ಕನ್ನಡಿ ಹಿಡಿದ. ಇದು ನಿಮ್ಮ ಬಾಲ್ಡಿಂಗ್ ಹಂತ. ಮೂರನೆಯದರಲ್ಲಿ ಬಲಗಿವಿಯ ಮೇಲಿನ ಹತ್ತು ಎಳೆಗಳನ್ನು ಎಡಗಿವಿಗೆ ಸೇತುವೆ ಕಟ್ಟಿ ಓಡಾಡಿದೆ, ಸೀಸರನಂತೆ. ಬಸ್ಸಿನ ಕಿಟಕಿಯ ಗಾಳಿಗೆ ಸೇತುವೆ ಕುಸಿದ ದಿನ ಪೂರ್ತಿ ತೆಗೆಸಿಬಿಟ್ಟೆ. ‘ತಿರುಪತಿಗೆ ಹೋಗಿ ಬಂದಿರಾ?’ ಎಂದು ಎಲ್ಲರೂ ಕೇಳಿದರು. ಮುಡಿ ಕೊಟ್ಟವನು ಬೇರೆ, ಬೋಳಾದವನು ಬೇರೆ. ಒಂದು ವಾರ ದೇವರ ಹೆಸರಿನಲ್ಲಿ ಬಚಾವಾದೆ. ಎರಡು ತಿಂಗಳಾದರೂ ಬೆಳೆಯದಿದ್ದಾಗ ಕೇಳುವುದನ್ನು ಬಿಟ್ಟರು.

ಮಂಜಿನ ಊರು

ನಿಮ್ಮ ಕ್ಷೌರಿಕ ಹುಷಾರಾಗಿರಲಿ. 2022ರಲ್ಲಿ ಇಲ್ಲಿನ ಉದ್ಯೋಗ ನ್ಯಾಯಮಂಡಳಿಯೊಂದು, ಕೆಲಸದ ಜಾಗದಲ್ಲಿ ಒಬ್ಬ ಗಂಡಸನ್ನು ‘ಬಾಲ್ಡ್’ ಎಂಬ ವಿಶೇಷಣ ಸೇರಿಸಿ ಬೈದದ್ದು ಲಿಂಗಸಂಬಂಧಿ ಕಿರುಕುಳ ಎಂದು ತೀರ್ಪು ಕೊಟ್ಟಿತು. ಬೋಳಾಗುವುದು ಗಂಡಸರಲ್ಲೇ ಹೆಚ್ಚು ಎಂಬುದು ಅದರ ತರ್ಕ. ಮೇಲ್ಮನವಿಯಲ್ಲೂ ಅದು ನಿಂತಿತು.

ಶಿರಸಿ ಸೀಮೆ

ತಡವಾಗಿ ಬಂದೆ, ಮೆಣಸು ಕೊಯ್ಲಿನ ಕೆಲಸವಿತ್ತು. ಪಡುವಣ ಗಾಳಿಯವರು ಮೆಣಸಿನ ಚೀಲದ ಮಾತೆತ್ತಿದ್ದನ್ನು ನೋಡಿ ನಿಂತೆ.

ನೀವೆಲ್ಲ ಬಿಳಿ ಮೆಣಸು ಎನ್ನುವುದಕ್ಕೆ ನಮ್ಮ ಕಡೆ ‘ಬೋಳುಕಾಳು’ ಎನ್ನುತ್ತೇವೆ. ಬಳ್ಳಿಯಲ್ಲಿ ಕಾಳು ಹಣ್ಣಾಗಿ ಕೆಂಪಾಗುವವರೆಗೆ ಬಿಟ್ಟು, ಕೊಯ್ದು, ಗೋಣಿಚೀಲದಲ್ಲಿ ಕಟ್ಟಿ ವಾರಕ್ಕೂ ಮಿಕ್ಕಿ ನೀರಿನಲ್ಲಿ ನೆನೆಹಾಕುತ್ತೇವೆ. ಸಿಪ್ಪೆ ಕೊಳೆಯುತ್ತದೆ. ಆ ವಾಸನೆಗೆ ನೆಂಟರು ಯಾರೂ ಬರುವುದಿಲ್ಲ. ಆಮೇಲೆ ತಿಕ್ಕಿ, ತೊಳೆದು, ಬಿಸಿಲಿಗೆ ಹರಡಿದರೆ ಒಳಗಿನ ಬೆಳ್ಳನೆಯ ಕಾಳು. ಸಿಪ್ಪೆ ಕಳಚಿತು, ಅದಕ್ಕೇ ಬೋಳುಕಾಳು. ಇಷ್ಟು ವರ್ಷ ಮಾಡುತ್ತಿದ್ದೇನೆ, ಅದು ಬಿಳಿ ಎಂಬುದು ಹೆಸರಿನಲ್ಲಿ ಇಲ್ಲ ಎಂದು ಇವತ್ತೇ ಹೊಳೆದದ್ದು.

ಹಳೆಯ ಮೇಷ್ಟರು

ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ! ಇಂಗ್ಲಿಷಿನವರು ಕೂಟ್ ಹಕ್ಕಿಯ ಬಿಳಿಯನ್ನು ಕಂಡು ಬಾಲ್ಡ್ ಎಂದರು, ಬೋಳಾದ ಮೆಣಸನ್ನು ಕಂಡು ‘ವೈಟ್’ ಎಂದರು. ನಾವು ಅದೇ ಮೆಣಸಿನ ಬಿಳಿಯನ್ನು ಬಿಟ್ಟು ಬೋಳನ್ನು ಹಿಡಿದೆವು. ಶಿರಸಿಯವರೇ, ನನ್ನ ಎಂಟು ಪುಟಕ್ಕಿಂತ ನಿಮ್ಮ ಗೋಣಿಚೀಲ ತೂಕವಾಗಿದೆ.

ಸೆರಗು

ಬೋಳುಕಾಳು. ಈ ಪದದಲ್ಲಿ ಬೋಳು ಕೇಳಿ ಮೈ ಮುದುಡಲಿಲ್ಲ. ಅತ್ತೆಗೆ ಹೇಳುತ್ತೇನೆ.

ಅರೆಬರೆ ಅನುವಾದ

ಗುಮಾಸ್ತನ ವಾಕ್ಯ ಹೀಗಾಯಿತು: ‘ನೆತ್ತಿ ಬಯಲಾಗತೊಡಗಿದ್ದ ಗುಮಾಸ್ತ ಮೇಜಿನ ಖಾನೆಯಿಂದ ಬಾಚಣಿಗೆ ತೆಗೆದ.’ ಕ್ಷೌರಿಕನ ಎರಡನೆಯ ಹಂತ, ಬೆಟ್ಟದ ಮೇಲಿನ ಹುಲ್ಲುಗಾವಲು ಎರಡನ್ನೂ ನೆನೆದು ಬರೆದೆ. ಬೈತಲೆಗೂ ಜಾಗ ಉಳಿಯಿತು. ಸಂಪಾದಕರು ಒಪ್ಪಿದ್ದಾರೆ, ಆದರೆ ಅಂಚಿನಲ್ಲಿ ಹೊಸದೊಂದು ಪ್ರಶ್ನೆ ಬರೆದಿದ್ದಾರೆ: ‘ಏಳನೆಯ ಪುಟದ ಹದ್ದು ಏಕೆ ಬೋಳು?’

ಕೆರೆಯ ದಂಡೆ

ಕಳುಹಿಸಿ, ಕಳುಹಿಸಿ. ಆ ಪುಟವನ್ನು ಈ ಕಡೆ ಕಳುಹಿಸಿ.